ಮೊದಲು ಅಕ್ಕನಿಗೆ

"ಬೆರಳು ತೆಗೀರಿ ಶೆಟ್ರೇ!"

ಚಿತ್ತರಂಜನ ಶೆಟ್ಟರ ಹೆಬ್ಬೆರಳು ಮೊಬೈಲಿನ ಗಾಜಿಗೆ ತಾಗಿಯೂ ತಾಗದ ಹಾಗೆ ನಿಂತಿತು. ಅದರ ಕೆಳಗೊಂದು ಹಸಿರು ಗುಂಡಿ. ಒತ್ತಿದ್ದರೆ ಹಣ ಬಿಟ್‌ಕಾಯಿನ್ ಆಗಿ ಹೊರಟುಹೋಗುತ್ತಿತ್ತು. ಯಾರಿಗೆ, ಯಾವ ದೇಶಕ್ಕೆ ಎಂದು ಕೇಳಿದರೆ ಹೇಳುವವರಿಲ್ಲ.

ರೈಹಾನಾ ಮೊಬೈಲನ್ನು ಅವರ ಕೈಯಿಂದ ತೆಗೆದು ಮೇಜಿನ ಮೇಲೆ ಮಗುಚಿಟ್ಟಳು. ಅತ್ತಾವರದ ತನ್ನ ಆಫೀಸಿಗೆ ಬೀಗ ಹಾಕಿ, ಸ್ಕೂಟರಿನಲ್ಲಿ ಪಂಪ್‌ವೆಲ್ಲಿನ ಈ ಹೋಟೆಲಿಗೆ ಬಂದು ಮುಟ್ಟುವಷ್ಟರಲ್ಲಿ ಅವಳ ತಲೆವಸ್ತ್ರವೆಲ್ಲ ಧೂಳಾಗಿತ್ತು. ಫ್ಲೈಓವರಿನ ಕೆಳಗೆ ಅಡ್ಡ ನಿಂತ ಬಸ್ಸಿನ ಡ್ರೈವರಿಗೆ ಅವಳು ಹೇಳಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

"ನಿನ್ನೆ ನಾನು ಎಂತ ಹೇಳಿದ್ದು?"

"ಹಣ ಕೊಡಬೇಡಿ, ಉತ್ತರ ಬರೀಬೇಡಿ, ಪಾಸ್‌ವರ್ಡ್ ಬದಲಿಸಿ." ಐವತ್ತೆಂಟು ದಾಟಿದ ಶೆಟ್ಟರು ಪಾಠ ಒಪ್ಪಿಸುವ ಹುಡುಗನಾಗಿಬಿಟ್ಟಿದ್ದರು. "ಆದ್ರೆ ಮೇಡಂ, ಇವತ್ತು ಇನ್ನೊಂದು ಮೇಲ್ ಬಂದಿದೆಯಲ್ಲ. ಇದು ನಿನ್ನೆಯ ಹಾಗಿಲ್ಲ. ಇವನಿಗೆ ನಮ್ಮ ಮನೆ ಗೊತ್ತುಂಟು."

ನಿನ್ನೆ ಶೆಟ್ಟರು ಅತ್ತಾವರಕ್ಕೆ ಓಡಿಬಂದಿದ್ದು ಮೊದಲನೆಯ ಮೇಲ್ ಹಿಡಿದುಕೊಂಡು. 'ನಿನ್ನ ಕಂಪ್ಯೂಟರು ನನ್ನ ಕೈಯಲ್ಲಿದೆ. ನೀನು ಒಬ್ಬನೇ ಕೂತು ಎಂಥ ವಿಡಿಯೊ ನೋಡುತ್ತೀಯೆಂದು ಕ್ಯಾಮೆರಾದಲ್ಲಿ ಕಂಡಿದ್ದೇನೆ. ಸಾಕ್ಷಿಗೆ ಇಗೋ ನಿನ್ನ ಪಾಸ್‌ವರ್ಡ್. ಹಣ ಕಳಿಸು, ಇಲ್ಲವಾದರೆ ಎಲ್ಲರಿಗೂ ಹಂಚುತ್ತೇನೆ' ಎಂಬ ಬೆದರಿಕೆ.

ಪತ್ತೇದಾರಿಕೆಗೆ ಇಳಿಯುವ ಮೊದಲು ಬ್ಯಾಂಕೊಂದರ ವಂಚನೆ ವಿಭಾಗದಲ್ಲಿ ವರ್ಷಗಟ್ಟಲೆ ಕೂತಿದ್ದ ರೈಹಾನಾಳಿಗೆ ಅದನ್ನು ಓದಿ ನಗು ಬಂದಿತ್ತು. ಅದೇ ಕಾಗದ, ಅಕ್ಷರ ಬದಲಾಗದೆ, ಊರೂರಿಗೆ ಹೋಗಿರುತ್ತದೆ. ಹೆಸರಿಲ್ಲ, ಊರಿಲ್ಲ, ತೋರಿಸಲು ಒಂದು ಫೋಟೊ ಇಲ್ಲ. ಪಾಸ್‌ವರ್ಡ್ ಅಂದರೆ ಹಿಂದೆಂದೋ ಯಾವುದೋ ಶಾಪಿಂಗ್ ಸೈಟಿನಿಂದ ಸೋರಿಹೋದದ್ದು. ಎಲ್ಲಕ್ಕಿಂತ ದೊಡ್ಡ ತಮಾಷೆಯೆಂದರೆ ಶೆಟ್ಟರ ಹೋಟೆಲಿನ ಕಂಪ್ಯೂಟರಿಗೆ ಕ್ಯಾಮೆರಾವೇ ಇರಲಿಲ್ಲ.

"ಇಲ್ಲದ ಕ್ಯಾಮೆರಾದಲ್ಲಿ ನಿಮ್ಮನ್ನು ನೋಡ್ಲಿಕ್ಕೆ ಅವನೆಂತ ಜ್ಯೋತಿಷಿಯಾ?" ಎಂದು ಅವಳು ಕೇಳಿದಾಗ ಶೆಟ್ಟರು ಬೆವರು ಒರೆಸಿಕೊಂಡು ನಕ್ಕಿದ್ದರು. ಪಕ್ಕದಲ್ಲಿದ್ದ ಸುಜಿತನೂ ನಕ್ಕಿದ್ದ.

ಸುಜಿತ್ ಅವಳ ಜೊತೆಗಾರ. ಆಫೀಸು ತೆರೆದ ದಿನದಿಂದ ಜೊತೆಗಿದ್ದಾನೆ, ಕಂಪ್ಯೂಟರಿನ ಕೆಲಸವೆಲ್ಲ ಅವನದು. ವೈರಸ್ಸಿನ ಕಾಟ ಬೇಡವೆಂದು ಆಫೀಸಿನ ಕಂಪ್ಯೂಟರಿನಿಂದ ವಿಂಡೋಸ್ ಕಿತ್ತುಹಾಕಿ ಲಿನಕ್ಸ್ ಕೂರಿಸಿದವನೂ ಅವನೇ. ಅಂದಿನಿಂದ ಪ್ರಿಂಟ್ ತೆಗೆಯುವುದಕ್ಕೂ ರೈಹಾನಾ ಅವನನ್ನೇ ಕೂಗಬೇಕು. ನಿನ್ನೆ ಅದೇ ಕಂಪ್ಯೂಟರಿನಲ್ಲಿ ಶೆಟ್ಟರ ಮೇಲ್ ತೆರೆದು ನೋಡಿ, ಸೈಬರ್ ಪೊಲೀಸರಿಗೆ ದೂರನ್ನೂ ಅವನೇ ಬರೆದು ಕಳಿಸಿದ್ದ. ಇನ್ನೊಂದು ಫೋನ್ ನಂಬರ್ ಬೇಕೆಂದಾಗ ಶೆಟ್ಟರು ಯೋಚಿಸದೆ ಅಕ್ಕನ ನಂಬರ್ ಹೇಳಿ, ಮರುಕ್ಷಣವೇ ನಾಲಿಗೆ ಕಚ್ಚಿಕೊಂಡು ತೆಗೆಸಿದ್ದರು.

ಆ ಆಫೀಸಿನ ಕೆಳಗೆ ರಕ್ತಪರೀಕ್ಷೆಯ ಲ್ಯಾಬು. ಟೋಕನ್ ಕೂಗುವ ಯಂತ್ರದ ಹೆಣ್ಣುದನಿ ದಿನವಿಡೀ ಕಿಟಕಿಯಿಂದ ಒಳಗೆ ಬರುತ್ತದೆ. ದೂರು ಬರೆಸುವಾಗ ಆ ದನಿಗೆ ಶೆಟ್ಟರು, ತಮ್ಮನ್ನೇ ಕರೆದರೆಂದು, ಎರಡೆರಡು ಸಲ ಎದ್ದು ನಿಂತಿದ್ದರು. ಅಷ್ಟು ಹೆದರಿದ್ದರು ಪಾಪ.

"ತೋರಿಸಿ, ಇವತ್ತಿನ ಮೇಲ್."

"ನಿಮಗೆ ಫೋಟೊ ಕಳಿಸಿದ್ದೇನಲ್ಲ ಮೇಡಂ. ಅದೇ."

ರೈಹಾನಾ ತನ್ನ ಮೊಬೈಲಿನಲ್ಲಿ ಆ ಫೋಟೊವನ್ನು ಮತ್ತೆ ಹಿಗ್ಗಿಸಿ ನೋಡಿದಳು. ಇಂಗ್ಲಿಷಿನಲ್ಲಿತ್ತು. 'ಕಂಪ್ಯೂಟರಿಗೆ ಕ್ಯಾಮೆರಾ ಇಲ್ಲವೆಂದು ಸಮಾಧಾನಪಡಬೇಡ. ನಾನು ನೋಡಿದ್ದು ನಿನ್ನ ಫೋನಿನ ಕ್ಯಾಮೆರಾದಲ್ಲಿ. ಇಂದು ಸಂಜೆಯೊಳಗೆ ಹಣ ಬರದಿದ್ದರೆ ವಿಡಿಯೊ ಮೊದಲು ನಿನ್ನ ಅಕ್ಕನಿಗೆ. ಆಮೇಲೆ ಅಕ್ಕನ ಮಗನಿಗೆ. ಹೆಂಡತಿಗೂ ಮಗಳಿಗೂ ಕೊನೆಗೆ.'

ಈ ಸಲ ಅವಳಿಗೆ ನಗು ಬರಲಿಲ್ಲ.

ಮೊದಲನೆಯದಾಗಿ, ಕ್ಯಾಮೆರಾ. ನಿನ್ನೆ ಅವಳು ಯಾವ ತಪ್ಪನ್ನು ಎತ್ತಿ ಆಡಿದಳೋ ಅದೇ ತಪ್ಪನ್ನು ಇವತ್ತು ಅವನು ತಿದ್ದಿಕೊಂಡಿದ್ದಾನೆ. ಗೋಡೆಗೆ ಕಿವಿ ಇಟ್ಟು ಕೇಳಿದವನ ಹಾಗೆ.

ಇನ್ನೊಂದು, ಅಕ್ಕ. ಎಲ್ಲಿಯದೋ ಮೂಲೆಯಲ್ಲಿ ಕೂತ ವಂಚಕ ಹೆದರಿಸುವುದು ಹೆಂಡತಿ ಮಕ್ಕಳ ಹೆಸರು ಹೇಳಿ. ಇವನು ಅವರನ್ನು ಕೊನೆಗಿಟ್ಟಿದ್ದಾನೆ. ರೈಹಾನಾ ಬ್ಯಾರಿ ಮುಸ್ಲಿಮರ ಮನೆಯವಳು. ಆದರೆ ಸುರತ್ಕಲ್ಲಿನಲ್ಲಿ ಶೆಟ್ಟರಂಥ ಬಂಟರ ಮನೆಗಳ ನಡುವೆಯೇ ಬೆಳೆದವಳು. ಆ ಮನೆಗಳಲ್ಲಿ ಕುಟುಂಬ ನಡೆಯುವುದು ತಾಯಿಯ ಬಳ್ಳಿಯಲ್ಲಿ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಶೆಟ್ಟರು ಬರುವ ಸಂಕ್ರಮಣಕ್ಕೆ ತಮ್ಮ ಗುತ್ತುಮನೆಯ ಗಡಿ ಹಿಡಿಯಬೇಕಾದವರು, ಅಂದರೆ ಇಡೀ ಮನೆತನದ ಯಜಮಾನಿಕೆಗೆ ಕೂರಬೇಕಾದವರು. ಆ ಪೀಠಕ್ಕೆ ಅವರನ್ನು ಕೈಹಿಡಿದು ಕರೆತರುವವಳು ಅಕ್ಕ ಉಮಾವತಿ. ಹೆಂಡತಿ ಮುನಿಸಿಕೊಂಡರೆ ಶೆಟ್ಟರಿಗೆ ಊಟ ತಪ್ಪೀತು, ಅಕ್ಕ ಮುಖ ತಿರುಗಿಸಿದರೆ ಗಡಿಯೇ ತಪ್ಪುತ್ತದೆ.

ಇದನ್ನು ತಿಳಿದವನು ದೂರದೇಶದಲ್ಲಿ ಇರಲಾರ ಎಂದು ರೈಹಾನಾಳ ಲೆಕ್ಕ.

"ಶೆಟ್ರೇ, ಕ್ಯಾಮೆರಾ ವಿಷಯ ನೀವು ಯಾರಲ್ಲಿ ಹೇಳಿದ್ದು?"

"ಯಾರಲ್ಲೂ ಇಲ್ಲ."

"ನೆನಪು ಮಾಡ್ಕೊಳ್ಳಿ."

ಶೆಟ್ಟರು ಟವೆಲಿನಿಂದ ಕುತ್ತಿಗೆ ಒರೆಸಿದರು. "ನಿಮ್ಮಲ್ಲಿಂದ ಹೋದ ಮೇಲೆ ಖಾತ್ರಿಗೆ ವಿನೀತನಲ್ಲಿ ಕೇಳಿದ್ದೆ. ನಮ್ಮ ಕಂಪ್ಯೂಟರಿಗೆ ಕ್ಯಾಮೆರಾ ಉಂಟಾ ಮಾರಾಯ ಅಂತ. ಅಷ್ಟೇ. ಯಾಕೆ ಅಂತ ಹೇಳ್ಲಿಲ್ಲ."

ವಿನೀತ್ ಉಮಾವತಿಯ ಮಗ. ಹೋಟೆಲಿನ ಮೇಲ್ವಿಚಾರಣೆ ಅವನ ಕೈಯಲ್ಲಿದೆ. ಮಾವನ ನಂತರ ಗಡಿ ಅವನಿಗೆ. ಮಾವ ಕೂರದೆ ಹೋದರೆ ನಂತರದವರೆಗೆ ಕಾಯಬೇಕಾಗಿಯೂ ಇಲ್ಲ.

"ಕರೀರಿ ಅವ್ರನ್ನು."

"ವಿನೀತನ ಮೇಲೆ ಸಂಶಯವಾ? ಛೆ ಛೆ! ನಾನು ಎತ್ತಿ ಆಡಿಸಿದ ಮಗು ಮೇಡಂ ಅದು."

"ಎಲ್ಲರನ್ನೂ ಯಾರಾದ್ರೂ ಎತ್ತಿ ಆಡಿಸಿರ್ತಾರೆ ಶೆಟ್ರೇ. ಕರೀರಿ."

ವಿನೀತ್ ಒಳಗೆ ಬಂದ ರೀತಿಯನ್ನು ರೈಹಾನಾ ಕಣ್ಣು ಮಿಟುಕಿಸದೆ ನೋಡಿದಳು. ಬಂದವನೇ ಯಾರೂ ಹೇಳದೆ ಬಾಗಿಲು ಮುಚ್ಚಿದ. ಮಾವನ ಮುಖ ನೋಡುವ ಮೊದಲು ಮೇಜಿನ ಮೇಲೆ ಮಗುಚಿದ್ದ ಮೊಬೈಲನ್ನು ನೋಡಿದ. ಏನಾಗಿದೆಯೆಂದು ಇವನಿಗೆ ಮೊದಲೇ ಗೊತ್ತು ಎಂದುಕೊಂಡಳು ಅವಳು.

"ಎಂತ ಮಾವ? ಮೀನಿನ ಗಾಡಿ ಬಂದು ನಿಂತಿದೆ."

"ಮೀನು ಸ್ವಲ್ಪ ಹೊತ್ತು ಕಾಯ್ತದೆ, ಕೂತ್ಕೊಳ್ಳಿ," ಎಂದಳು ರೈಹಾನಾ. "ಹೋಟೆಲಿನ ಮೇಲ್ ಯಾರ್ಯಾರು ನೋಡ್ತೀರಿ?"

"ಒಂದೇ ಮೇಲ್ ಅಲ್ವಾ ನಮ್ಮದು. ನಾನು ಈ ಕಂಪ್ಯೂಟರಿನಲ್ಲಿ ನೋಡ್ತೇನೆ, ಮಾವ ಫೋನಿನಲ್ಲಿ. ಬೇರೆ ಯಾರಿಗೂ ಇಲ್ಲ."

"ಪಾಸ್‌ವರ್ಡ್?"

"ಗುತ್ತಿನ ಹೆಸರು. ಮೊದಲಿನಿಂದಲೂ ಅದೇ."

ರೈಹಾನಾ ಮೆಲ್ಲನೆ ಶೆಟ್ಟರ ಕಡೆ ತಿರುಗಿದಳು. ಶೆಟ್ಟರು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ್ದರು.

"ಬದಲಿಸಿದ್ರೆ ಇವನಿಗೆ ಹೇಳ್ಬೇಕಲ್ಲ ಮೇಡಂ," ಎಂದರು ಕೊನೆಗೆ. "ಹೇಳಿದ್ರೆ ಯಾಕೆ ಅಂತ ಕೇಳ್ತಾನೆ. ನಾನು ಎಂತ ಹೇಳುದು?"

ಅವಳಿಗೆ ಸಿಟ್ಟು ನೆತ್ತಿಗೇರಿತು. ಕಳ್ಳನಿಗೆ ಕೀಲಿಕೈ ಸಿಕ್ಕಿದೆಯೆಂದು ಗೊತ್ತಿದ್ದೂ ಬೀಗ ಬದಲಿಸದೆ ಕೂತಿದ್ದಾರೆ ಈ ಮನುಷ್ಯ, ಅಳಿಯನಿಗೆ ನಾಚಿ! ಆದರೆ ಬೈಯಲು ಇದು ಸಮಯವಲ್ಲ. ಅವಳು ವಿನೀತನ ಕಡೆಗೆ ಕುರ್ಚಿ ಎಳೆದುಕೊಂಡಳು.

"ನಿನ್ನೆ ಮಾವ ನಿಮ್ಮಲ್ಲಿ ಕ್ಯಾಮೆರಾ ವಿಷಯ ಕೇಳಿದ್ರು. ಇವತ್ತು ಬೆಳಗ್ಗೆ ಅದೇ ವಿಷಯ ಬೆದರಿಕೆಯಲ್ಲಿ ಬಂದಿದೆ. ನಡುವೆ ಇರುವವರು ನೀವೊಬ್ರೇ."

"ಅಂದ್ರೆ?"

"ವಿಡಿಯೊ ಮೊದಲು ಅಕ್ಕನಿಗೆ ಕಳಿಸ್ತಾನಂತೆ. ನಿಮ್ಮಮ್ಮನಿಗೆ. ಹೊರಗಿನವನಿಗೆ ಈ ಬುದ್ಧಿ ಎಲ್ಲಿಂದ ಬಂತು ಹೇಳಿ."

ವಿನೀತನ ಕಿವಿಗಳು ಕೆಂಪಾದವು. "ನಾನೇ ನನ್ನ ಮಾವನನ್ನು ಹೆದರಿಸಿದ್ದು ಅಂತೀರಾ?"

"ನಾನು ಏನೂ ಹೇಳ್ಲಿಲ್ಲ. ಗಡಿ ನಿಮ್ಮ ಮಾವನಿಗೆ ತಪ್ಪಿದ್ರೆ ಯಾರಿಗೆ?"

ಹೊರಗೆ ಅಡುಗೆಮನೆಯಲ್ಲಿ ಯಾರೋ ಕಾವಲಿಗೆ ನೀರು ಚಿಮುಕಿಸಿದ ಸದ್ದಾಯಿತು.

"ನನಗೆ," ಎಂದ ವಿನೀತ್.

ಶೆಟ್ಟರು ಟವೆಲನ್ನು ಮುಖಕ್ಕೆ ಒತ್ತಿಕೊಂಡರು. ಆ ಒಂದು ಮಾತಿನಿಂದ ಅವರ ಮನಸ್ಸಿನಲ್ಲೂ ಸಂಶಯ ಹುಟ್ಟಿತೆಂದು ರೈಹಾನಾಳಿಗೆ ಗೊತ್ತಾಯಿತು. ಹುಟ್ಟಿಸಿದವಳು ತಾನು. ಅವಳಿಗೆ ಅದು ಹಿತವೆನಿಸಲಿಲ್ಲ, ಆದರೆ ಹಿಡಿದದ್ದನ್ನು ಬಿಡುವ ಜಾತಿಯೂ ಅವಳದಲ್ಲ.

"ಮೇಡಂ, ನೀವು ಆ ಮೇಲನ್ನು ಪೂರ್ತಿ ಓದಿದ್ದೀರಾ?" ವಿನೀತನ ದನಿ ತಣ್ಣಗಿತ್ತು.

"ಓದಿದ್ದೇನೆ."

"ಎಲ್ಲಿ?"

"ಶೆಟ್ರು ಫೋಟೊ ಕಳಿಸಿದ್ರು."

"ಫೋಟೊ!" ಅವನು ನಕ್ಕ. ಅದರಲ್ಲಿ ಸಂತೋಷವೇನೂ ಇರಲಿಲ್ಲ. "ಫೋಟೊ ಎಲ್ಲಿಗೆ ನಿಂತಿದೆ ನೋಡಿದ್ರಾ? ಅದರ ಕೆಳಗೆ ಎಂತ ಉಂಟು ಅಂತ ಕೇಳಿದ್ರಾ? ಮಾವ, ನಾನು ಹೇಳುದಿಲ್ಲ. ನೀವೇ ಪನ್ಲೆ, ನೀವೇ ಹೇಳಿ."

ಶೆಟ್ಟರು ಟವೆಲಿನಿಂದ ಮುಖ ಹೊರತೆಗೆಯಲಿಲ್ಲ.

ರೈಹಾನಾ ಮಗುಚಿಟ್ಟಿದ್ದ ಮೊಬೈಲನ್ನು ಎತ್ತಿಕೊಂಡು, ಶೆಟ್ಟರಿಂದಲೇ ಬೆರಳೊತ್ತಿಸಿ ಮೇಲ್ ತೆರೆದಳು. ಫೋಟೊದಲ್ಲಿ ಕಂಡಷ್ಟು ಕಂಡಿತು. ಬೆರಳಿನಿಂದ ಮೇಲಕ್ಕೆ ಸರಿಸಿದಳು. ಕೆಳಗೆ, ಬೂದುಬಣ್ಣದ ಅಕ್ಷರಗಳಲ್ಲಿ, ಶೆಟ್ಟರದೇ ಉತ್ತರ ಇತ್ತು. ಅತ್ತಾವರದಿಂದ ಮನೆಗೆ ಹೋಗಿ ಊಟ ಮಾಡಿದ ಮೇಲೆ ಬರೆದದ್ದು.

'ನಮ್ಮ ಕಂಪ್ಯೂಟರಿಗೆ ಕ್ಯಾಮೆರಾವೇ ಇಲ್ಲ. ನೀನು ಸುಳ್ಳುಗಾರ. ನಿನ್ನ ಮೇಲೆ ದೂರು ಕೊಟ್ಟಾಗಿದೆ. ಆದರೂ ಒಂದು ವೇಳೆ ಏನಾದರೂ ಇದ್ದರೆ ದಯವಿಟ್ಟು ನನ್ನ ಅಕ್ಕನಿಗೂ ಅವಳ ಮಗನಿಗೂ ಕಳಿಸಬೇಡ. ಹೆಂಡತಿಗೆ ಮಗಳಿಗೆ ಬೇಕಾದರೆ ನಾನೇ ಹೇಳಿಕೊಳ್ಳುತ್ತೇನೆ.'

ರೈಹಾನಾ ಎರಡು ಸಲ ಓದಿದಳು. ಎರಡನೆಯ ಸಲ ಓದಿದ್ದು ತನ್ನ ಮುಖವನ್ನು ಸರಿಮಾಡಿಕೊಳ್ಳಲು.

"ಕ್ಯಾಮೆರಾ ಇಲ್ಲ ಅಂತ ಗೊತ್ತಾದ ಮೇಲೆ ಸ್ವಲ್ಪ ಧೈರ್ಯ ಬಂತು ಮೇಡಂ," ಶೆಟ್ಟರು ಟವೆಲಿನೊಳಗಿಂದಲೇ ಹೇಳಿದರು. "ಬೈಬೇಕು ಅಂತ ಕಂಡಿತು. ಬೈದು ಮುಗಿದ ಮೇಲೆ ಅಕ್ಕನ ನೆನಪಾಯ್ತು. ಕೆಳಗೆ ಅದನ್ನೂ ಬರೆದುಬಿಟ್ಟೆ."

"ನಾನು ಬೆಳಗ್ಗೆಯೇ ಓದಿದ್ದೇನೆ ಮಾವ," ಎಂದ ವಿನೀತ್. "ನಿಮಗೆ ನಾಚಿಕೆ ಆಗ್ತದೆ ಅಂತ ಬಾಯಿ ಮುಚ್ಚಿ ಕೂತದ್ದು. ಬೆಳಗ್ಗಿಂದ ಈ ಬಾಗಿಲ ಹತ್ತಿರವೇ ಸುತ್ತುತ್ತಾ ಇದ್ದೇನೆ, ನೀವು ಹಣ ಕಳಿಸ್ತೀರೋ ಎಂತ ಅಂತ."

ಮಾವ ಅಳಿಯ ಒಬ್ಬರನ್ನೊಬ್ಬರು ನೋಡಲಿಲ್ಲ. ಆದರೆ ಶೆಟ್ಟರ ಕೈ ಮೇಜಿನ ಮೇಲೆ ಜಾರಿ ಹೋಗಿ ವಿನೀತನ ಮಣಿಕಟ್ಟನ್ನು ಹಿಡಿದುಕೊಂಡಿತು. ವಿನೀತ್ ಬಾಗಿಲು ಮುಚ್ಚಿದ್ದಕ್ಕೂ ಬಂದೊಡನೆ ಮೊಬೈಲಿನ ಮೇಲೆ ಕಣ್ಣಿಟ್ಟಿದ್ದಕ್ಕೂ ಅರ್ಥ ಏನೆಂದು ರೈಹಾನಾಳಿಗೆ ಆಗ ಹೊಳೆಯಿತು. ಅವಳಿಗೆ ತನ್ನ ಬಗ್ಗೆಯೇ ಬೇಸರವಾಯಿತು.

"ತಪ್ಪಾಯ್ತು ವಿನೀತ್," ಎಂದಳು. ಸುತ್ತಿಬಳಸಿ ಹೇಳುವುದು ಅವಳಿಗೆ ಬಾರದು.

"ಪರ್ವಾಗಿಲ್ಲ. ನಿಮ್ಮ ಕೆಲಸವೇ ಅದಲ್ವಾ."

ಅದು ಕ್ಷಮೆಯೋ ಚುಚ್ಚುಮಾತೋ ಅವಳಿಗೆ ತಿಳಿಯಲಿಲ್ಲ.

"ಮೇಡಂ, ಹಾಗಾದ್ರೆ ವಿಡಿಯೊ ಉಂಟಾ ಇಲ್ವಾ?" ಶೆಟ್ಟರು ಕೊನೆಗೂ ಮುಖ ತೋರಿಸಿದರು.

"ಇದ್ದಿದ್ರೆ ಒಂದು ಫೋಟೊ ಆದ್ರೂ ಎಸೀತಿದ್ದ ಶೆಟ್ರೇ. ಅವನಿಗೆ ಏನೂ ಗೊತ್ತಿರ್ಲಿಲ್ಲ. ನಿಮಗೊಬ್ಬಳು ಅಕ್ಕ ಇದ್ದಾಳೆ ಅಂತಲೂ ಗೊತ್ತಿರ್ಲಿಲ್ಲ. ನೀವು ಕಲಿಸಿಕೊಟ್ರಿ. ಇದಕ್ಕೇ ಉತ್ತರ ಬರೀಬೇಡಿ ಅಂತ ಹೇಳುದು. ಬೈದ್ರೂ ಅಷ್ಟೇ, ಬೇಡಿಕೊಂಡ್ರೂ ಅಷ್ಟೇ. ಈ ಬದಿಯಲ್ಲಿ ಒಬ್ಬ ಹೆದರಿಕೊಂಡು ಕೂತಿದ್ದಾನೆ ಅಂತ ಅವನಿಗೆ ಖಾತ್ರಿಯಾಗ್ತದೆ."

ಶೆಟ್ಟರು ಟವೆಲನ್ನು ಹೆಗಲಿಗೆ ಹಾಕಿಕೊಂಡರು. ಬಾಗಿಲು ತೆರೆದು ಮೂರು ಚಾ ಕೂಗಿ ಹೇಳಿದರು. ಅವರ ಗಂಟಲಿಗೆ ಹೋಟೆಲಿನ ಯಜಮಾನನ ದನಿ ಮರಳಿತ್ತು.

"ಈ ಮೇಲ್ ಡಿಲೀಟ್ ಮಾಡ್ಬೇಡಿ," ಎಂದು ರೈಹಾನಾ ಹೋಟೆಲಿನ ಕಂಪ್ಯೂಟರಿನ ಮುಂದೆ ಕೂತಳು. "ಪೊಲೀಸರಿಗೆ ಬೇಕಾಗ್ತದೆ. ನಿಮ್ಮ ಉತ್ತರವನ್ನೂ ಸೇರಿಸಿ ಕೊಡುವ. ನಾಚಿಕೆ ಬೇಡ, ಅವರು ಇಂಥದ್ದು ದಿನಾ ನೋಡ್ತಾರೆ."

ಕಳಿಸಿದ ಮೇಲ್‌ಗಳ ಪಟ್ಟಿ ತೆರೆದಳು. ಶೆಟ್ಟರ ಉತ್ತರ ಅಲ್ಲಿತ್ತು.

ಅದರ ಮೇಲೆ ಇನ್ನೊಂದಿತ್ತು.

ಅದೇ ವಂಚಕನ ವಿಳಾಸಕ್ಕೆ. ಈಗಷ್ಟೇ, ಈ ಕೋಣೆಯಲ್ಲಿ ಅವರು ಮೂವರೂ ಜಗಳವಾಡುತ್ತಿದ್ದ ಹೊತ್ತಿನಲ್ಲಿ ಹೋದದ್ದು.

'ಅವನು ಹಣ ಕೊಡುವುದಿಲ್ಲ. ಪತ್ತೇದಾರಿ ಹೆಂಗಸು ಅವನ ಹತ್ತಿರ ಹೋಗಿದ್ದಾಳೆ. ಇದು ಅಕ್ಕನ ನಂಬರ್. ನೇರವಾಗಿ ಅವಳಿಗೇ ಫೋನ್ ಮಾಡು. ಸಿಕ್ಕಿದ್ದರಲ್ಲಿ ನನಗೂ ಪಾಲು ಕೊಡು.'

ಕೆಳಗೆ ಉಮಾವತಿಯ ಫೋನ್ ನಂಬರ್.

"ಇದು ನಾನಲ್ಲ," ಎಂದರು ಶೆಟ್ಟರು. ಅವರ ದನಿಯ ಯಜಮಾನಿಕೆಯೆಲ್ಲ ಮತ್ತೆ ಇಳಿದುಹೋಗಿತ್ತು.

ಅವರಲ್ಲವೆಂದು ರೈಹಾನಾಳಿಗೆ ಗೊತ್ತಿತ್ತು. ಅವರ ಮೊಬೈಲು ಅವಳ ಎದುರೇ ಇತ್ತು. ವಿನೀತನ ಎರಡು ಕೈಗಳೂ ಅಷ್ಟು ಹೊತ್ತು ಮೇಜಿನ ಮೇಲೇ ಇದ್ದವು. ಈ ಕಂಪ್ಯೂಟರನ್ನು ಯಾರೂ ಮುಟ್ಟಿರಲಿಲ್ಲ.

ಈ ಮೇಲ್ ಎಲ್ಲೆಲ್ಲಿ ತೆರೆದುಕೊಂಡಿದೆ ಎಂದು ತೋರಿಸುವ ಪುಟಕ್ಕೆ ಅವಳು ಹೋದಳು. ಮೂರು ಸಾಲು ಬಂತು. ಒಂದು ವಿಂಡೋಸ್ ಕಂಪ್ಯೂಟರ್, ಅವಳ ಮುಂದಿದ್ದದ್ದು. ಇನ್ನೊಂದು ಮೊಬೈಲು, ಶೆಟ್ಟರದು.

ಮೂರನೆಯದು ಲಿನಕ್ಸ್. ಮಂಗಳೂರು. ಮೊದಲು ತೆರೆದದ್ದು ನಿನ್ನೆ. ಈಗಲೂ ಬಳಕೆಯಲ್ಲಿದೆ.

ರೈಹಾನಾ ಆ ಸಾಲಿನ ಮೇಲೆ ಬೆರಳಿಟ್ಟಳು.

"ಲಿನಕ್ಸಾ?" ವಿನೀತ್ ಅವಳ ಭುಜದ ಹಿಂದಿನಿಂದ ಬಗ್ಗಿ ನೋಡಿದ. "ನಮ್ಮಲ್ಲಿ ಯಾರಲ್ಲೂ ಇಲ್ಲ ಅದು. ಮೇಡಂ, ನಿನ್ನೆ ಮಾವನ ಮೇಲ್ ನೀವು ಎಲ್ಲಿ ತೆರೆದದ್ದು?"

"ನನ್ನ ಆಫೀಸಿನಲ್ಲಿ."

"ಆಮೇಲೆ ಮುಚ್ಚಿದ್ರಾ?"

ಮುಚ್ಚಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವಳು, ಪಾಸ್‌ವರ್ಡ್ ಬದಲಿಸಿ ಎಂದು ಶೆಟ್ಟರಿಗೆ ಬೆರಳೆತ್ತಿ ಹೇಳಿದವಳು, ಶೆಟ್ಟರ ಮೇಲನ್ನು ತನ್ನ ಕಂಪ್ಯೂಟರಿನಲ್ಲಿ ಹಾಗೆಯೇ ತೆರೆದಿಟ್ಟು ಎದ್ದಿದ್ದಳು. ಮುಚ್ಚುವ ಕೆಲಸ ಸುಜಿತನದೆಂದು ಬಿಟ್ಟಿದ್ದಳು, ಯಾವಾಗಲೂ ಬಿಡುವ ಹಾಗೆ.

ವಿನೀತ್ ಈಗ ಅವಳನ್ನು ನೋಡುತ್ತಿದ್ದ ನೋಟ, ಸ್ವಲ್ಪ ಹೊತ್ತಿನ ಹಿಂದೆ ಅವಳು ಅವನನ್ನು ನೋಡಿದ ನೋಟವೇ ಆಗಿತ್ತು.

"ಪಾಸ್‌ವರ್ಡ್ ಈಗಲೇ ಬದಲಿಸಿ," ಎಂದು ಅವಳು ಎದ್ದು ಕುರ್ಚಿ ಅವನಿಗೆ ಬಿಟ್ಟಳು. "ಬೇರೆ ಎಲ್ಲ ಕಡೆಯಿಂದ ಹೊರಗೆ ಹಾಕಿ. ನನಗೂ ಹೇಳ್ಬೇಡಿ ಅದು ಎಂತ ಅಂತ."

ಆಫೀಸಿಗೆ ಬೀಗ ಹಾಕಿ ಬಂದದ್ದು ಅವಳೇ. ಇನ್ನೊಂದು ಕೀಲಿಕೈ ಇರುವುದು ಒಬ್ಬನಲ್ಲಿ. ಶೆಟ್ಟರಲ್ಲಿಗೆ ಹೋಗುತ್ತಿದ್ದೇನೆಂದು ಅವಳು ಹೊರಡುವ ಮೊದಲು ಫೋನಿನಲ್ಲಿ ಹೇಳಿದ್ದೂ ಅವನೊಬ್ಬನಿಗೆ. ಅಕ್ಕನ ನಂಬರನ್ನು ದೂರಿನಲ್ಲಿ ಬರೆದು ಅಳಿಸಿದವನೂ ಅವನೇ. ಬೆಳಗ್ಗೆ ಅವನು ಒಂದು ಕೇಸಿನ ವಿಚಾರಣೆಗೆಂದು ಸುರತ್ಕಲ್ಲಿಗೆ ಹೋಗಿದ್ದ. ಹಾಗೆಂದು ಅವನು ಹೇಳಿದ್ದ.

ಇಲ್ಲ, ಬೇರೆ ಏನೋ ಇರಬೇಕು ಎಂದುಕೊಂಡಳು. ಈಗಷ್ಟೇ ಒಬ್ಬನನ್ನು ಸುಮ್ಮನೆ ಅನುಮಾನಿಸಿ ಮುಖಭಂಗವಾಗಿದೆ. ಅವಳ ತಾಯಿ ಆಸ್ಪತ್ರೆಯಲ್ಲಿದ್ದಾಗ ರಕ್ತ ಕೊಟ್ಟವನು ಸುಜಿತ್. ಬೀಗ ಒಡೆದು ಯಾರೋ ಒಳನುಗ್ಗಿರಬಹುದು. ಹಾಗೇ ಆಗಿರಲಿ ಎಂದು ಅವಳು ಮನಸಾರೆ ಬಯಸಿದಳು.

ಅವನಿಗೆ ಫೋನ್ ಮಾಡಿದಳು.

"ಹಾಂ, ರೈಹಾನಕ್ಕ?" ಎಂದಿನದೇ ದನಿ.

"ಎಲ್ಲಿದ್ದಿ ಸುಜಿತ್?"

"ಸುರತ್ಕಲ್ಲಿನಲ್ಲೇ. ಕೆಲಸ ಈಗ ಮುಗೀತು. ಹೈವೇ ಬದಿಯಲ್ಲಿ ಬಸ್ಸಿಗೆ ಕಾಯ್ತಾ ನಿಂತಿದ್ದೇನೆ. ಎಂತ, ಶೆಟ್ರದ್ದು ಎಂತ ಆಯ್ತು?"

ಮೇಜಿನ ಮೇಲೆ ಶೆಟ್ಟರ ಮೊಬೈಲು ಗುರುಗುಟ್ಟಿತು. ಪರದೆಯ ಮೇಲೆ 'ಅಕ್ಕ' ಎಂದು ಬಂತು. ಶೆಟ್ಟರು ಅದನ್ನು ಎತ್ತಿಕೊಳ್ಳಲೂ ಆಗದೆ ಬಿಡಲೂ ಆಗದೆ ರೈಹಾನಾಳ ಮುಖ ನೋಡಿದರು.

"ಮೇಡಂ, ತೆಗೀಲಾ? ಅಕ್ಕ ಕೇಳಿದ್ರೆ ಎಂತ ಹೇ‍ಳ್ಲಿ ನಾನು?"

ರೈಹಾನಾ ಕೈ ಎತ್ತಿ ಅವರನ್ನು ತಡೆದಳು. ಫೋನನ್ನು ಕಿವಿಗೆ ಒತ್ತಿಕೊಂಡಳು. ಆ ಬದಿಯಲ್ಲಿ ಲಾರಿಯ ಸದ್ದಿಲ್ಲ, ಬಸ್ಸಿನ ಹಾರ್ನ್ ಇಲ್ಲ. ಸುಜಿತನ ಉಸಿರಿನ ಹಿಂದೆ, ತೆರೆದ ಕಿಟಕಿಯ ಆಚೆಯಿಂದ, ಯಂತ್ರದ ಹೆಣ್ಣುದನಿಯೊಂದು ನಿಧಾನವಾಗಿ, ಸ್ಪಷ್ಟವಾಗಿ ಕರೆಯುತ್ತಿತ್ತು.

"ಟೋಕನ್ ನಂಬರ್ ಮೂವತ್ತೊಂದು. ರಕ್ತ ಕೊಡಲು ಒಳಗೆ ಬನ್ನಿ."